ಆರು, ಏಳು, ಎಂಟನೇ ತರಗತಿಯ ಮನೆಗಳಿಗೆ ಸುದ್ದಿ ಮುಟ್ಟಿಸುವುದು: ಯಾವುದಕ್ಕೆ ಯಾವ ದಾರಿ?

ಮೂರು ವರ್ಷದ ಹಿಂದಿನ ಮಾತು. ಬಿಸಿಯೂಟದ ಹೊತ್ತು. ಮಂಡಕ್ಕಿ ಭಟ್ಟಿಗೆ ಕೆಲಸಕ್ಕೆ ಹೋಗುವ ತಾಯಿಯೊಬ್ಬರು ನಮ್ಮ ಶಾಲೆಯ ವರಾಂಡಕ್ಕೆ ಬಂದು ನಿಂತರು. ಸೆರಗಿನ ಅಂಚಿಗೆ ಭಟ್ಟಿಯ ಬೂದಿ ಹಾಗೇ ಅಂಟಿಕೊಂಡಿತ್ತು. ಮಗಳು ಎಂಟನೇ ತರಗತಿ, ಲೆಕ್ಕದಲ್ಲಿ ಜಾಣೆ. ಪಕ್ಕದ ಮನೆಯ ಹುಡುಗ ಎನ್‌ಎಂಎಂಎಸ್ ಅನ್ನುವ ವಿದ್ಯಾರ್ಥಿವೇತನದ ಪರೀಕ್ಷೆಗೆ ಅರ್ಜಿ ಹಾಕಿದ್ದಾನೆ ಅಂತ ಅವರಿಗೆ ಹಿಂದಿನ ರಾತ್ರಿಯಷ್ಟೇ ಗೊತ್ತಾಗಿತ್ತು. ಕೊನೆಯ ದಿನ ಮುಗಿದು ಆಗಲೇ ನಾಲ್ಕು ದಿನ.

"ಗ್ರೂಪಿಗೆ ಹಾಕಿದ್ವಲ್ಲಮ್ಮ" ಅಂದೆ. ಅವರು ಫೋನನ್ನು ನನ್ನ ಕೈಗೇ ಕೊಟ್ಟರು. "ಇದ್ರಾಗೆ ಎಲ್ಲೈತಿ, ನೀವೇ ತೋರಿಸ್ರಿ ಮೇಡಂ."

ಹುಡುಕಿದೆ. ಓದದೆ ಬಿದ್ದಿದ್ದ ಮೆಸೇಜುಗಳು ಮುನ್ನೂರಕ್ಕೂ ಜಾಸ್ತಿ. ಶುಭೋದಯದ ಹೂವು, ಹುಟ್ಟುಹಬ್ಬದ ಕೇಕು, ಯಾರದೋ ಸೈಟು ಮಾರಾಟಕ್ಕಿದೆ ಅನ್ನೋ ಫೋಟೊ. ಅವುಗಳ ನಡುವೆ ನಾವು ಹಾಕಿದ್ದ ಸುತ್ತೋಲೆಯ ಪಿಡಿಎಫ್. ಫೋನಿನಲ್ಲಿ ಜಾಗ ಇಲ್ಲದೆ ಅದು ಇಳಿದೇ ಇರಲಿಲ್ಲ.

ಎನ್‌ಎಂಎಂಎಸ್‌ನಲ್ಲಿ ಆಯ್ಕೆಯಾದರೆ 9ನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ನಾಲ್ಕು ವರ್ಷಕ್ಕೆ 48,000. ಆ ಮನೆಗೆ ಅದು ಮಗಳನ್ನು ಪಿಯುಸಿಗೆ ಕಳಿಸುವುದೋ ಬೇಡವೋ ಅನ್ನುವುದನ್ನು ನಿರ್ಧರಿಸುವಷ್ಟು ದುಡ್ಡು. ಪರೀಕ್ಷೆ ಬರೆಯುವ ಅವಕಾಶವೇ ತಪ್ಪಿಹೋಯಿತು. ನಾವು ಕಳಿಸಿದ್ದೆವು, ಅವರಿಗೆ ಮುಟ್ಟಿರಲಿಲ್ಲ. ಆ ಹೊಣೆ ನಮ್ಮದೇ ಅಂತ ನನಗೆ ಈಗಲೂ ಅನಿಸುತ್ತದೆ. ಆಮೇಲೆ ನಾವು ಒಂದೊಂದೇ ದಾರಿಯನ್ನು ಪರೀಕ್ಷೆ ಮಾಡಿ ನೋಡುತ್ತಾ ಬಂದೆವು. ದಾವಣಗೆರೆಯ ನಮ್ಮ ಅನುಭವ, ಜೊತೆಗೆ ಚಳ್ಳಕೆರೆ ಕಡೆ ಪಾಠ ಮಾಡುವ ಗೆಳತಿಯ ಅನುಭವ ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಇದು ಶಿಕ್ಷಕರಿಗೂ ಎಸ್‌ಡಿಎಂಸಿಯವರಿಗೂ (ಪೋಷಕರೇ ಹೆಚ್ಚಿರುವ ಶಾಲಾಭಿವೃದ್ಧಿ ಸಮಿತಿ) ಆಗುತ್ತದೆ. ಶಾಲೆಯಿಂದ ಏನು ಕೇಳಬಹುದು ಅಂತ ತಿಳಿಯಬೇಕೆನ್ನುವ ಅಪ್ಪ ಅಮ್ಮಂದಿರಿಗೂ ಆಗುತ್ತದೆ.

ಈ ಮೂರು ತರಗತಿಗಳೇ ಯಾಕೆ? ಐದನೇ ತರಗತಿವರೆಗೆ ಮಗುವನ್ನು ಬಿಡಲು ಯಾರಾದರೂ ಗೇಟಿನವರೆಗೆ ಬರುತ್ತಾರೆ, ಎರಡು ಮಾತು ಆಡಿ ಹೋಗುತ್ತಾರೆ. ಆರನೇ ತರಗತಿಗೆ ಬಂದ ಮೇಲೆ ಮಗು ತಾನೇ ಬರುತ್ತದೆ. ಒಂದೊಂದು ವಿಷಯಕ್ಕೆ ಒಬ್ಬೊಬ್ಬ ಟೀಚರ್. "ಶಾಲೆಯಲ್ಲಿ ಏನಾಯ್ತು?" ಅಂದರೆ "ಏನಿಲ್ಲ" ಅನ್ನುವ ವಯಸ್ಸು. ತಪ್ಪಿದರೆ ಮತ್ತೆ ಸಿಗದ ತಾರೀಖುಗಳು ಜಾಸ್ತಿ ಬರುವುದೂ ಇದೇ ವಯಸ್ಸಿನಲ್ಲಿ.

ಮೊದಲು ಸುದ್ದಿಯನ್ನು ವಿಂಗಡಿಸಿಕೊಳ್ಳಿ

ದಾರಿ ಯಾವುದು ಅಂತ ಕೇಳುವ ಮುಂಚೆ ಯಾವ ಸುದ್ದಿ ಅಂತ ಕೇಳಿಕೊಳ್ಳಬೇಕು. ನಾವು ಮೂರು ಭಾಗ ಮಾಡಿದ್ದೇವೆ.

ಒಂದು, ತರಗತಿಯ ಸುದ್ದಿ. ನಾಳೆ ಎಫ್‌ಎ ಅನ್ನುವ ಕಿರು ಪರೀಕ್ಷೆ, ಶನಿವಾರ ಬೆಳಗಿನ ಶಾಲೆ, ಸೋಮವಾರ ಜಂತುಹುಳು ಮಾತ್ರೆ ಕೊಡುತ್ತಾರೆ. ಇದಕ್ಕೆ ಮನೆಯಿಂದ ಉತ್ತರ ಬೇಕಾಗಿಲ್ಲ, ಗೊತ್ತಾದರೆ ಸಾಕು.

ಎರಡು, ನೆರವಿನ ಸುದ್ದಿ. ವಿದ್ಯಾರ್ಥಿವೇತನ, ನವೋದಯದ 9ನೇ ತರಗತಿ ಪ್ರವೇಶ ಪರೀಕ್ಷೆ, ಕಟ್ಟಡ ಕಾರ್ಮಿಕರ ಮಕ್ಕಳಿಗೆ ಮಂಡಳಿಯಿಂದ ಸಿಗುವ ಸಹಾಯಧನ, ಆರೋಗ್ಯ ತಪಾಸಣೆಯಲ್ಲಿ ಬರೆದುಕೊಟ್ಟ ಕನ್ನಡಕ. ಇಲ್ಲಿ ಮನೆಯವರು ಒಂದು ಕೆಲಸ ಮಾಡಬೇಕು, ಅದೂ ಒಂದು ತಾರೀಖಿನೊಳಗೆ. ಅವರಿಂದ "ಗೊತ್ತಾಯ್ತು" ಅಂತ ತಿರುಗಿ ಬರದಿದ್ದರೆ ಸುದ್ದಿ ಮುಟ್ಟಿಲ್ಲ ಅಂತಲೇ ಲೆಕ್ಕ.

ಮೂರು, ಆ ಒಂದು ಮಗುವಿನ ಸುದ್ದಿ. ಓದಲು ಬರುತ್ತಿಲ್ಲ, ನಾಲ್ಕು ದಿನದಿಂದ ಬಂದಿಲ್ಲ, ಮಂಕಾಗಿ ಕೂರುತ್ತಾಳೆ. ಇದು ಆ ಮನೆಗೆ ಮಾತ್ರ ಹೋಗಬೇಕು, ಬೇರೆ ಯಾರ ಕಣ್ಣಿಗೂ ಬೀಳಬಾರದು.

ನಾವು ಮಾಡಿದ್ದ ತಪ್ಪು ಇಷ್ಟೇ: ಮೂರನ್ನೂ ಒಂದೇ ಗ್ರೂಪಿಗೆ ಸುರಿಯುತ್ತಿದ್ದೆವು.

ವಾಟ್ಸಾಪ್ ಗ್ರೂಪ್

ಖರ್ಚಿಲ್ಲ, ಒಂದು ಸಲ ಹಾಕಿದರೆ ಎಲ್ಲರಿಗೂ ಹೋಗುತ್ತದೆ. ತರಗತಿಯ ಸುದ್ದಿಗೆ ಇದಕ್ಕಿಂತ ಸುಲಭ ದಾರಿ ನನಗೆ ಸಿಕ್ಕಿಲ್ಲ. ಆದರೆ ಅದನ್ನು ಕಟ್ಟುವ ರೀತಿ ಬೇರೆ ಇರಬೇಕು.

ಮೊದಲ ಕೆಲಸ, ಗ್ರೂಪಿನ ಸೆಟ್ಟಿಂಗಿಗೆ ಹೋಗಿ ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕುವ ಹಾಗೆ ಮಾಡಿ. ಕೆಲವರಿಗೆ ಬೇಜಾರಾಗುತ್ತದೆ, ಆಗಲಿ. ಹೂವಿನ ಫೋಟೊಗಳು ನಿಂತ ದಿನದಿಂದ ನಮ್ಮ ಗ್ರೂಪನ್ನು ಜನ ಮತ್ತೆ ತೆಗೆದು ನೋಡಲು ಶುರು ಮಾಡಿದರು.

ಎರಡನೆಯದು, ಸುತ್ತೋಲೆಯನ್ನು ಹಾಗೇ ಹಾಕಬೇಡಿ. ಅದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಶಾಲೆಗೆ ಬಂದ ಭಾಷೆ. "ಉಲ್ಲೇಖಿತ ವಿಷಯಕ್ಕೆ ಸಂಬಂಧಿಸಿದಂತೆ" ಅಂತ ಶುರುವಾದರೆ ಮುಂದಕ್ಕೆ ಯಾರು ಓದುತ್ತಾರೆ? ನಾವು ಈಗ ಹೀಗೆ ಬರೆಯುತ್ತೇವೆ: "8ನೇ ತರಗತಿ ಮನೆಯವರಿಗೆ. ಎನ್‌ಎಂಎಂಎಸ್ ಪರೀಕ್ಷೆಗೆ ಹೆಸರು ಬರೆಸಬೇಕು. ಆದಾಯ ಪ್ರಮಾಣಪತ್ರ ಬೇಕು. ಇಲ್ಲದವರು ನಾಡಕಚೇರಿಯಲ್ಲಿ ಇವತ್ತೇ ಅರ್ಜಿ ಕೊಡಿ. ಶುಕ್ರವಾರದೊಳಗೆ ಶಾಲೆಗೆ ತನ್ನಿ." ಕೆಳಗೆ ಇದನ್ನೇ ನಮ್ಮ ದನಿಯಲ್ಲಿ ಹೇಳಿದ ಅರ್ಧ ನಿಮಿಷದ ವಾಯ್ಸ್ ಮೆಸೇಜ್. ಓದಲು ಬಾರದ ಅಜ್ಜಿಗೂ ಅದು ಕೇಳುತ್ತದೆ.

ಇನ್ನೊಂದು ಅನುಕೂಲವನ್ನು ಬಹಳ ಶಿಕ್ಷಕರು ಬಳಸುವುದಿಲ್ಲ. ನೀವು ಗ್ರೂಪಿಗೆ ಹಾಕಿದ ಮೆಸೇಜನ್ನು ಒತ್ತಿ ಹಿಡಿದು 'ಇನ್ಫೋ' ತೆಗೆದರೆ ಯಾರು ಓದಿದ್ದಾರೆ, ಯಾರಿಗೆ ಬರೀ ತಲುಪಿದೆ ಅಂತ ಹೆಸರು ಸಮೇತ ಕಾಣುತ್ತದೆ. ಸಂಜೆ ಅದನ್ನು ಹಾಜರಿ ಪುಸ್ತಕದ ಪಕ್ಕ ಇಟ್ಟುಕೊಂಡು ಓದದವರ ಹೆಸರಿಗೆ ಪೆನ್ಸಿಲ್‌ನಲ್ಲಿ ಒಂದು ಚುಕ್ಕೆ ಇಡುತ್ತೇನೆ. ಮರುದಿನ ಆ ಚುಕ್ಕೆಗಳಿಗೆ ಫೋನ್. ಈ ಚುಕ್ಕೆ ಇಲ್ಲದೆ ನೆರವಿನ ಸುದ್ದಿಯನ್ನು ಗ್ರೂಪಿಗೆ ಬಿಟ್ಟು ಕೂರುವುದು ಈಗ ನನ್ನಿಂದ ಆಗುವುದಿಲ್ಲ. ತಾರೀಖು ಇರುವ ಮೆಸೇಜನ್ನು 30 ದಿನದವರೆಗೆ ಗ್ರೂಪಿನ ಮೇಲ್ತುದಿಯಲ್ಲಿ ಪಿನ್ ಮಾಡಿ ಇಡಬಹುದು, ಅದನ್ನೂ ಮಾಡಿ.

ಕೊರತೆಗಳೂ ಇವೆ. ಗ್ರೂಪಿನಲ್ಲಿ ಪ್ರತಿಯೊಬ್ಬರ ನಂಬರು ಎಲ್ಲರಿಗೂ ಕಾಣುತ್ತದೆ. ಗುರುತಿಲ್ಲದವರಿಂದ ರಾತ್ರಿ ಮೆಸೇಜ್ ಬಂತು ಅಂತ ಇಬ್ಬರು ತಾಯಂದಿರು ಗ್ರೂಪ್ ಬಿಟ್ಟರು. ಅವರು ಬಿಟ್ಟದ್ದು ಸರಿ. ಅಂಥವರಿಗೆ ಬ್ರಾಡ್‌ಕಾಸ್ಟ್ ಪಟ್ಟಿ ಒಳ್ಳೆಯದು. ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ, ಒಂದು ಪಟ್ಟಿಗೆ 256 ಜನರನ್ನು ಸೇರಿಸಬಹುದು. ಆದರೆ ಒಂದು ಷರತ್ತಿದೆ: ಅವರ ಫೋನಿನಲ್ಲಿ ನಿಮ್ಮ ನಂಬರು ಸೇವ್ ಆಗಿರಲೇಬೇಕು, ಇಲ್ಲದಿದ್ದರೆ ಮೆಸೇಜ್ ಹೋಗುವುದೇ ಇಲ್ಲ. ಜೂನ್‌ನಲ್ಲಿ ದಾಖಲಾತಿಗೆ ಬಂದಾಗ ಎದುರಿಗೇ ನಿಲ್ಲಿಸಿ ಸೇವ್ ಮಾಡಿಸಿ. ಗ್ರೂಪ್ ಬೇಕೋ ಬ್ರಾಡ್‌ಕಾಸ್ಟ್ ಬೇಕೋ ಅಂತ ನನ್ನನ್ನು ಕೇಳಿದರೆ ಬ್ರಾಡ್‌ಕಾಸ್ಟ್ ಅಂತಲೇ ಹೇಳುತ್ತೇನೆ. ಶುರುವಿನ ಕೆಲಸ ಜಾಸ್ತಿ, ಆಮೇಲೆ ನೆಮ್ಮದಿ.

ಮಗುವಿನ ಸುದ್ದಿ ಮಾತ್ರ ಗ್ರೂಪಿಗೆ ಯಾವತ್ತೂ ಬೇಡ. ಕಡಿಮೆ ಅಂಕ ಬಂದವರ ಪಟ್ಟಿಯನ್ನು ಗ್ರೂಪಿಗೆ ಹಾಕಿದ್ದನ್ನು ನಾನು ನೋಡಿದ್ದೇನೆ. ಹದಿಮೂರು ವರ್ಷದ ಹುಡುಗ ಮರುದಿನ ಶಾಲೆಗೆ ಬರಲಿಲ್ಲ. ಅದಕ್ಕಿಂತ ಸುದ್ದಿ ಕೊಡದೆ ಇರುವುದೇ ವಾಸಿ.

ಡೈರಿ ಮತ್ತು ಚೀಟಿ

ಹಳೆಯದು ಅಂತ ತಳ್ಳಬೇಡಿ. ಫೋನ್ ಅಪ್ಪನ ಜೊತೆ ಲಾರಿಯಲ್ಲಿ ಹುಬ್ಬಳ್ಳಿಗೆ ಹೋಗಿರುತ್ತದೆ, ಡೈರಿ ಮನೆಯಲ್ಲೇ ಇರುತ್ತದೆ. ರೀಚಾರ್ಜ್ ಬೇಕಾಗಿಲ್ಲ. ಅಮ್ಮ ಸಹಿ ಹಾಕಿದರೆ ಮುಟ್ಟಿದೆ ಅಂತ ಗುರುತೂ ಸಿಗುತ್ತದೆ.

ತೊಂದರೆ ಎಲ್ಲರಿಗೂ ಗೊತ್ತಿರುವುದೇ. ಸಿಹಿ ಸುದ್ದಿ ಇದ್ದರೆ ಡೈರಿ ಮನೆಗೆ ಓಡುತ್ತದೆ, ಕಹಿ ಇದ್ದರೆ ಚೀಲದ ತಳ ಸೇರುತ್ತದೆ. ಏಳನೇ ತರಗತಿಗೆ ಬಂದ ಮಕ್ಕಳು ಅಪ್ಪನ ಸಹಿಯನ್ನು ಅಪ್ಪನಿಗಿಂತ ಚೆನ್ನಾಗಿ ಹಾಕುತ್ತಾರೆ. ಅದಕ್ಕೇ ನಾವು ಡೈರಿಯಲ್ಲಿ ದೂರು ಬರೆಯುವುದನ್ನೇ ಬಿಟ್ಟಿದ್ದೇವೆ. ತರಗತಿಯ ಸುದ್ದಿ, ನೆರವಿನ ತಾರೀಖು, ಮತ್ತೆ ವಾರಕ್ಕೊಂದಾದರೂ ಒಳ್ಳೆಯ ಮಾತು: "ಭಿನ್ನರಾಶಿಯ ಲೆಕ್ಕ ಇವತ್ತು ತಾನೇ ಮಾಡಿದಳು." ಅಂಥ ಸಾಲು ಇರುವ ಡೈರಿಯನ್ನು ಮಗುವೇ ಅಮ್ಮನ ಮುಂದೆ ಹಿಡಿಯುತ್ತದೆ. ಅದರ ಕೆಳಗಿರುವ ತಾರೀಖನ್ನೂ ಅಮ್ಮ ನೋಡುತ್ತಾರೆ.

ಎಸ್‌ಎಂಎಸ್

ಇಂಟರ್‌ನೆಟ್ ಇಲ್ಲದ ಕೀಪ್ಯಾಡ್ ಫೋನಿಗೂ ಹೋಗುತ್ತದೆ ಅನ್ನುವುದೊಂದೇ ಇದರ ಹೆಚ್ಚುಗಾರಿಕೆ. ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ, ಕನ್ನಡದಲ್ಲಿ ಬರೀ 70. ಅದರಲ್ಲೂ ಕಾಗುಣಿತದ ಗುರುತು, ಒತ್ತು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಎರಡು ಸಾಲಿಗೆ ಮುಗಿಯಿತು. ಎಲ್ಲರಿಗೂ ಒಟ್ಟಿಗೆ ಕಳಿಸಲು ದೂರಸಂಪರ್ಕ ನಿಯಂತ್ರಕ ಟ್ರಾಯ್ ನಿಯಮದಂತೆ ಕಳಿಸುವವರ ಹೆಸರನ್ನೂ ಮೆಸೇಜಿನ ಮಾದರಿಯನ್ನೂ ಮೊದಲೇ ನೋಂದಾಯಿಸಬೇಕು. ದೊಡ್ಡ ಖಾಸಗಿ ಶಾಲೆಗಳಿಗೆ ಇದು ಆಗುತ್ತದೆ. ನಮ್ಮಂಥ ಶಾಲೆಗೆ, ಕೀಪ್ಯಾಡ್ ಫೋನ್ ಇರುವ ಹತ್ತು ಹದಿನೈದು ಮನೆಗಳಿಗೆ ಸ್ವಂತ ಫೋನಿನಿಂದ ಕಳಿಸಿದರೆ ಸಾಕು. ಅದಕ್ಕಿಂತ ಒಂದು ಕರೆ ಮಾಡುವುದೇ ವಾಸಿ.

ಫೋನ್ ಕರೆ

ಮೂವತ್ತು ಮಕ್ಕಳಿದ್ದರೆ, ಒಬ್ಬರಿಗೆ ಮೂರು ನಿಮಿಷ ಅಂದರೂ ಒಂದೂವರೆ ತಾಸು. ಎಲ್ಲದಕ್ಕೂ ಕರೆ ಮಾಡಲು ಆಗುವುದಿಲ್ಲ, ಮಾಡಬಾರದು ಕೂಡ. ಗ್ರೂಪಿನ ಚುಕ್ಕೆಗಳಿಗೆ ಮತ್ತು ಮಗುವಿನ ಸುದ್ದಿಗೆ ಮಾತ್ರ ಇದನ್ನು ಇಟ್ಟುಕೊಳ್ಳಿ.

ಶಾಲೆಯ ದಾಖಲೆಯಲ್ಲಿ ಸಾಮಾನ್ಯವಾಗಿ ಅಪ್ಪನ ನಂಬರು ಇರುತ್ತದೆ. ಮಗುವಿನ ಓದು ನೋಡುವವರು ಅಮ್ಮನೋ, ಅಜ್ಜಿಯೋ, ಅಕ್ಕನೋ ಆಗಿರುತ್ತಾರೆ. ಅವರ ನಂಬರನ್ನೂ ಕೇಳಿ ಬರೆದುಕೊಳ್ಳಿ. ಕರೆ ಮಾಡಬಹುದಾದ ಹೊತ್ತನ್ನೂ ಕೇಳಿ. ಭಟ್ಟಿಯವರಿಗೆ ಮಧ್ಯಾಹ್ನ, ಹೊಲದವರಿಗೆ ರಾತ್ರಿ ಎಂಟರ ನಂತರ, ಅಂಗಡಿ ಇಟ್ಟವರಿಗೆ ಬೆಳಿಗ್ಗೆ ಹತ್ತರೊಳಗೆ.

ಶಾಲೆಯ ನಂಬರು ಕಂಡ ಕೂಡಲೇ ಮನೆಯವರು ಹೆದರುತ್ತಾರೆ. "ಏನ್ ಮಾಡಿದ ಮೇಡಂ?" ಅಂತಲೇ ಶುರು. ಅದು ಹೋಗಬೇಕಾದರೆ ವರ್ಷದ ಮೊದಲ ಕರೆ ಒಳ್ಳೆಯ ಸುದ್ದಿಯದ್ದೇ ಆಗಿರಬೇಕು. ಜುಲೈ ಮುಗಿಯುವುದರೊಳಗೆ ಪ್ರತಿ ಮನೆಗೆ ಒಂದು ಅಂಥ ಕರೆ ಮಾಡುತ್ತೇನೆ. ಆಮೇಲೆ "ಓದುವುದರಲ್ಲಿ ಸ್ವಲ್ಪ ಹಿಂದಿದ್ದಾನೆ, ಸಂಜೆಯ ವಿಶೇಷ ತರಗತಿಗೆ ಉಳಿಸಿಕೊಳ್ಳಲಾ?" ಅಂತ ಕೇಳುವುದು ಸುಲಭವಾಗುತ್ತದೆ.

ಪೋಷಕರ ಸಭೆ

ಇದರ ಬಗ್ಗೆ ನನಗೆ ಸ್ವಲ್ಪ ಜಾಸ್ತಿಯೇ ಹೇಳುವುದಿದೆ. ಸಭೆ ಸರಿಯಾಗಿ ನಡೆದರೆ ಮೂರೂ ಬಗೆಯ ಸುದ್ದಿ ಒಂದೇ ದಿನ ಮುಟ್ಟುತ್ತದೆ. ಸರಿಯಾಗಿ ನಡೆಯದಿದ್ದರೆ ಜನ ಮುಂದಿನ ಸಲ ಬರುವುದಿಲ್ಲ.

ದಿನ ಮುಖ್ಯ. ನಾವು ಮೊದಲು ಶನಿವಾರ ಇಡುತ್ತಿದ್ದೆವು, ನಮಗೆ ಅರ್ಧ ದಿನ ಶಾಲೆ ಅಂತ. ಕೂಲಿಯವರಿಗೆ ಅದು ಬಟವಾಡೆಯ ದಿನ, ಬಿಟ್ಟು ಬರುವುದು ಕಷ್ಟ. ನಮ್ಮ ಕಡೆ ಹಳ್ಳಿಗಳಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಸುತ್ತಲಿನ ಹಳ್ಳಿಯವರಿಗೆ ಸೋಮವಾರ ಇಟ್ಟ ವರ್ಷ ಅಪ್ಪಂದಿರೂ ಬಂದರು. ಮೆಕ್ಕೆಜೋಳದ ಕಟಾವು ನಡೆಯುವಾಗ ಯಾವ ವಾರ ಇಟ್ಟರೂ ಅಷ್ಟೇ, ಆಗ ಸಭೆಯ ಯೋಚನೆಯೇ ಬೇಡ.

ಭಾಷಣ ಕಡಿಮೆ ಮಾಡಿ. ಹೆಡ್‌ಮಾಸ್ಟರು ಹತ್ತು ನಿಮಿಷ ಮಾತಾಡಲಿ, ಸಾಕು. ಸಮುದಾಯದತ್ತ ಶಾಲೆ ಕಾರ್ಯಕ್ರಮದ ಉದ್ದೇಶವೇ ಮಗುವಿನ ಕಲಿಕೆಯನ್ನು ಮನೆಯವರ ಮುಂದೆ ಇಡುವುದು. ಆದರೆ ಎಷ್ಟೋ ಕಡೆ ಅದು ಸಹಿ ಹಾಕಿಸಿಕೊಂಡು ಕಳಿಸುವಲ್ಲಿಗೆ ಮುಗಿಯುತ್ತದೆ. ನಾವು ಮಗುವನ್ನೇ ಅಮ್ಮನ ಪಕ್ಕ ಕೂರಿಸುತ್ತೇವೆ. ಮಗು ತನ್ನ ನೋಟ್‌ಬುಕ್ ತೆಗೆದು ತಾನೇ ತೋರಿಸುತ್ತದೆ: ಇದು ಬರುತ್ತದೆ, ಇದು ಇನ್ನೂ ಬರುವುದಿಲ್ಲ. ಓದು ಬಾರದ ಅಮ್ಮ ಕೂಡ ಪುಟ ತಿರುವಿ ಕೆಂಪು ಗೆರೆ ಎಷ್ಟಿದೆ ಅಂತ ನೋಡಬಲ್ಲರು. ಪಕ್ಕದಲ್ಲಿ ನಾವು ಎರಡು ನಿಮಿಷ ಕೂರುತ್ತೇವೆ. ಅಂಕ ಜೋರಾಗಿ ಓದುವುದಿಲ್ಲ.

ನೆರವಿನ ಸುದ್ದಿಗೆ ಬಾಗಿಲ ಹತ್ತಿರ ಒಂದು ಬೇರೆ ಮೇಜು. ಯಾರ ಮಗುವಿಗೆ ಯಾವ ಕಾಗದ ಕಡಿಮೆ ಇದೆ ಅನ್ನುವ ಪಟ್ಟಿ ಅಲ್ಲಿರುತ್ತದೆ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಮೆಟ್ರಿಕ್ ಪೂರ್ವ (ಹತ್ತನೇ ತರಗತಿವರೆಗಿನ) ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವಾಗ ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರು ಬೇಕು. ದುಡ್ಡು ಬರಲು ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಅರ್ಜಿ ಸರಿ ಇದ್ದೂ ದುಡ್ಡು ಬಾರದ ಮನೆಗಳಲ್ಲಿ ಬಹಳ ಸಲ ಸಿಕ್ಕು ಈ ಜೋಡಣೆಯದ್ದೇ. ಎನ್‌ಎಂಎಂಎಸ್‌ಗೆ ಕುಟುಂಬದ ವರ್ಷದ ಆದಾಯ ಮೂರೂವರೆ ಲಕ್ಷ ದಾಟಿರಬಾರದು, ಏಳನೇ ತರಗತಿಯಲ್ಲಿ ಶೇ. 55 ಅಂಕ ಬಂದಿರಬೇಕು. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಶೇ. 50 ಸಾಕು. ಅಂದರೆ ಈ ಸುದ್ದಿ ಎಂಟನೇ ತರಗತಿಯಲ್ಲಿ ಹೇಳುವಂಥದ್ದಲ್ಲ, ಏಳನೇ ತರಗತಿಯ ಜೂನ್‌ನಲ್ಲೇ ಹೇಳುವಂಥದ್ದು. ಮೇಜಿನಲ್ಲಿ ಕೂರುವವರು ಎಸ್‌ಡಿಎಂಸಿಯ ತಾಯಂದಿರು. ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು ಅನ್ನುತ್ತದೆ. ಬರೀ ಸಹಿಗೆ ಕರೆಯುವ ಬದಲು ಈ ಕೆಲಸ ಕೊಟ್ಟು ನೋಡಿ. ನಮ್ಮನ್ನು ಕೇಳಲು ಹಿಂಜರಿಯುವವರು ಅವರನ್ನು "ಅಕ್ಕಾ, ಇದು ನಮಗೂ ಬರ್ತತಾ?" ಅಂತ ಧೈರ್ಯವಾಗಿ ಕೇಳುತ್ತಾರೆ.

ಮನೆ ಭೇಟಿ

ಎಲ್ಲರ ಮನೆಗೂ ಹೋಗಲು ಆಗದು. ಎಲ್ಲ ದಾರಿಯೂ ಸೋತಲ್ಲಿಗೆ ಹೋಗಲೇಬೇಕು.

ಆರನೇ ತರಗತಿಯ ಹುಡುಗನೊಬ್ಬ ಬೋರ್ಡ್ ನೋಡಿ ಬರೆಯುತ್ತಿರಲಿಲ್ಲ, ಪಕ್ಕದವನ ಪುಸ್ತಕ ನೋಡಿ ಬರೆಯುತ್ತಿದ್ದ. ಸೋಮಾರಿ ಅಂದುಕೊಂಡಿದ್ದೆವು. ಗ್ರೂಪಿಗೆ ಉತ್ತರವಿಲ್ಲ, ಫೋನ್ ಸ್ವಿಚ್ ಆಫ್. ಮನೆಗೆ ಹೋದೆ. ಅವನ ಅಜ್ಜಿ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗಿಂದ ನಾಲ್ಕು ಮಡಿಕೆಯ ಒಂದು ಚೀಟಿ ತೆಗೆದು ಕೊಟ್ಟರು. ಶಾಲೆಗೆ ಬಂದಿದ್ದ ಬಾಲ ಸ್ವಾಸ್ಥ್ಯ ತಂಡದ ಡಾಕ್ಟರು ಬರೆದಿದ್ದ ಚೀಟಿ. ಕಣ್ಣಿನ ತಪಾಸಣೆಗೆ ಜಿಲ್ಲಾ ಆಸ್ಪತ್ರೆಗೆ ಹೋಗಿ ಅಂತ ಇತ್ತು. "ಸರ್ಕಾರದ ಕಾಗದ ಅಂತ ಜ್ವಾಪಾನ ಮಾಡಿ ಇಟ್ಟೀನಿ" ಅಂದರು. ಎಂಟು ತಿಂಗಳಿಂದ ಅದು ಅಲ್ಲೇ ಇತ್ತು. ಕನ್ನಡಕ ಬಂದ ಮೇಲೆ ಹುಡುಗ ಮುಂದಿನ ಬೆಂಚಿನಿಂದ ಹಿಂದಿನ ಬೆಂಚಿಗೆ ತಾನಾಗಿಯೇ ಹೋಗಿ ಕೂತ.

ವಿಶೇಷ ಅಗತ್ಯವಿರುವ ಮಕ್ಕಳಿದ್ದರೆ ಅಂಥ ಮಕ್ಕಳಿಗೆಂದೇ ಬ್ಲಾಕ್ ಮಟ್ಟದಲ್ಲಿರುವ ಬಿಐಇಆರ್‌ಟಿ ಶಿಕ್ಷಕರನ್ನು ಜೊತೆಗೆ ಕರೆದುಕೊಂಡು ಹೋಗಿ. ಆ ಮನೆಗಳಿಗೆ ಸಿಗುವ ನೆರವು ಏನೇನು ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಮಗುವಿಗೆ ಹೊಡೆತ, ಬಾಲ್ಯವಿವಾಹದ ಮಾತು, ಕೆಲಸಕ್ಕೆ ಕಳಿಸುವುದು ಇಂಥದ್ದೇನಾದರೂ ಕಂಡರೆ ಒಬ್ಬರೇ ನಿಭಾಯಿಸಲು ಹೋಗಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಆ ನಂಬರನ್ನು ಮಕ್ಕಳ ಡೈರಿಯ ಮೊದಲ ಪುಟದಲ್ಲೇ ಬರೆಸಿರಿ.

ಊರು ನೋಡಿ ದಾರಿ ಆರಿಸಿ

ಹಳ್ಳಿಯಲ್ಲಾದರೆ ಹಾಲಿನ ಡೈರಿಯ ಗೋಡೆ ಶಾಲೆಯ ನೋಟಿಸ್ ಬೋರ್ಡಿಗಿಂತ ಮೇಲು. ದಿನಕ್ಕೆ ಎರಡು ಸಲ ಜನ ಅಲ್ಲಿ ಸಾಲಿನಲ್ಲಿ ನಿಲ್ಲುತ್ತಾರೆ. ನ್ಯಾಯಬೆಲೆ ಅಂಗಡಿಯೂ ಹಾಗೆಯೇ.

ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವ ಮನೆಗಳಲ್ಲಿ ಹಗಲೆಲ್ಲ ಮನೆಯವರು ಇರುತ್ತಾರೆ, ಆದರೆ ಕೈ ಮಗ್ಗದ ಮೇಲಿರುತ್ತದೆ. ಅಲ್ಲಿ ವಾಯ್ಸ್ ಮೆಸೇಜ್ ಚೆನ್ನಾಗಿ ನಡೆಯುತ್ತದೆ ಅಂತ ಗೆಳತಿ ಹೇಳುತ್ತಾಳೆ. ಅವಳ ಶಾಲೆಯ ಸುತ್ತ ಕುರಿ ಮೇಯಿಸುವ ಮನೆಗಳು ಜಾಸ್ತಿ. ಅಪ್ಪ ಅಮ್ಮ ಕುರಿಗಳ ಜೊತೆ ತಿಂಗಳುಗಟ್ಟಲೆ ಹೊರಗೆ, ಮಗು ಅಜ್ಜಿಯ ಹತ್ತಿರ. ಅಲ್ಲಿ ಅವಳು ಎರಡು ನಂಬರು ಇಟ್ಟುಕೊಳ್ಳುತ್ತಾಳೆ: ನಿರ್ಧಾರ ಮಾಡುವವರದ್ದು ಒಂದು, ಮಗುವಿನ ಜೊತೆ ಇರುವವರದ್ದು ಒಂದು. ಕಾಫಿ ಹಣ್ಣು ಬಿಡಿಸಲು ಮಲೆನಾಡಿಗೆ ಹೋಗುವ ಮನೆಗಳಿಗೆ ಹೊರಡುವ ಮುಂಚೆಯೇ ಚಳಿಗಾಲದ ತಾರೀಖುಗಳನ್ನೆಲ್ಲ ಒಂದು ಕಾಗದದಲ್ಲಿ ಬರೆದು ಕೊಡುತ್ತಾಳೆ.

ಭಾಷೆಯನ್ನೂ ಮರೆಯಬೇಡಿ. ನಮ್ಮ ತರಗತಿಯಲ್ಲಿ ಮನೆಯಲ್ಲಿ ಉರ್ದು ಆಡುವವರಿದ್ದಾರೆ, ತಾಂಡಾದಿಂದ ಬರುವ ಲಂಬಾಣಿ ಮಕ್ಕಳಿದ್ದಾರೆ. ಕನ್ನಡದ ಮೆಸೇಜ್ ಅಪ್ಪನಿಗೆ ಅರ್ಥವಾದರೂ ಅಮ್ಮನಿಗೆ ಪೂರ್ತಿ ಆಗುವುದಿಲ್ಲ. ಈಗ ಮುಖ್ಯವಾದ ಸುದ್ದಿ ಇದ್ದಾಗ ಆ ಭಾಷೆ ಆಡುವ ಒಬ್ಬ ತಾಯಿಯ ದನಿಯಲ್ಲೇ ವಾಯ್ಸ್ ಮೆಸೇಜ್ ಮಾಡಿಸುತ್ತೇವೆ. ಕಳೆದ ಸಲ ಉರ್ದುವಿನಲ್ಲಿ ಹೇಳಿ ಕಳಿಸಿದವರು ಮೂರು ವರ್ಷದ ಹಿಂದೆ ವರಾಂಡದಲ್ಲಿ ನಿಂತಿದ್ದ ಅದೇ ತಾಯಿ. ಈಗ ಅವರ ಚಿಕ್ಕ ಮಗ ಏಳನೇ ತರಗತಿ. ಅರ್ಧ ನಿಮಿಷದ ಮೆಸೇಜಿನಲ್ಲಿ ತಾರೀಖನ್ನು ಅವರು ಮೂರು ಸಲ ಹೇಳಿದ್ದಾರೆ.